ಹುಳುಮನೆಯ ಕಟ್ಟಳೆ ಫ್ಲ್ಯಾಟಿಗೂ ಬರಲಿ

ವಿರೂಪಾಕ್ಷಿಪುರದ ನಮ್ಮ ಹಳೆಯ ಮನೆಯಲ್ಲಿ ರೇಷ್ಮೆ ಹುಳು ಸಾಕುವ ಹುಳುಮನೆಯ ಬಾಗಿಲ ಮೇಲೆ, ಸೂರಿನ ಹಂಚಿನ ಸಂದಿಯಲ್ಲಿ, ಯಾವಾಗ ನೋಡಿದರೂ ನಾಲ್ಕಾರು ಬೀಡಿಕಟ್ಟು ಸಿಕ್ಕಿಸಿರುತ್ತಿದ್ದವು. ಸೊಪ್ಪು ಹೊತ್ತು ತಂದ ಆಳುಗಳದ್ದು, ಹುಳು ನೋಡಲು ಬಂದ ನೆಂಟರದ್ದು. ಅದನ್ನು ಅಲ್ಲಿಟ್ಟು, ಕೈ ತೊಳೆದು, ಬಾಯಿ ಮುಕ್ಕಳಿಸಿದ ಮೇಲೆಯೇ ಒಳಗೆ ಕಾಲಿಡಬೇಕು. ನಮ್ಮಜ್ಜ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದ ಮನುಷ್ಯ. ಊರಿನಲ್ಲಿ ಯಾರ ಮಾತಿಗೂ ಸುಲಭಕ್ಕೆ ಬಗ್ಗಿದವನಲ್ಲ. ಆದರೆ ಅಜ್ಜಿ ಹುಳುಮನೆಯ ಬಾಗಿಲಲ್ಲಿ ನಿಂತು "ಬೀಡಿ ಆಚೆ ಮಡಗ್ಬುಟ್ಟು, ಕೈ ತೊಳ್ಕಂಡು ಬಾ" ಅಂದರೆ ಮರುಮಾತಿಲ್ಲದೆ ಬಚ್ಚಲ ಕಡೆ ತಿರುಗುತ್ತಿದ್ದ. ಅದನ್ನು ಅವಮಾನ ಅಂತ ಅವನು ತಿಳಿದದ್ದನ್ನು ನಾನು ಕಾಣೆ. ಹುಳು ಬೆಳೆಯುವ ಜಾಗದಲ್ಲಿ ಹೊಗೆ ಕೂಡದು, ಅಷ್ಟೇ. ಯಾರೂ ಬರೆದಿಡದ, ಎಲ್ಲರೂ ಪಾಲಿಸಿದ ಕಟ್ಟಳೆ ಅದು.

ಟಿಪ್ಪುವಿನ ಕಾಲದಿಂದ ರೇಷ್ಮೆ ಕಂಡ ಸೀಮೆ ನಮ್ಮದು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಪಕ್ಕದ ರಾಮನಗರದಲ್ಲಿದೆ. ಒಂದು ಬೆಳೆ ಕೈಗೆ ಬರಲು ಇಪ್ಪತ್ತೈದು ದಿನದ ಆಸುಪಾಸು ಬೇಕು. ಅಷ್ಟರಲ್ಲಿ ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ಅಂದರೆ ಪೊರೆ ಬಿಟ್ಟು, ಏಳುತ್ತದೆ, ಮೊಟ್ಟೆಯೊಡೆದಾಗಿನ ತೂಕದ ಸುಮಾರು ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ಸಾಲ ತಂದು ಸೊಪ್ಪಿಗೆ ಸುರಿದಿರುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲಂತೂ ಮನೆಮಂದಿಗೆ ನಿದ್ದೆಯಿಲ್ಲ. ಹೊಗೆಸೊಪ್ಪಿನ ಹೊಲದ ಪಕ್ಕ ಹಿಪ್ಪುನೇರಳೆ ಹಾಕಬೇಡಿ ಎಂದು ರೇಷ್ಮೆ ಇಲಾಖೆಯವರೂ ಹೇಳುತ್ತಾರೆ. ಹೊಗೆಸೊಪ್ಪಿನಿಂದ ಗಾಳಿಯಲ್ಲಿ ಬಂದು ಎಲೆಯ ಮೇಲೆ ಕೂತ ನಿಕೋಟಿನ್ ಅಷ್ಟೇ ಸಾಕು, ಹುಳು ಮೇವು ಬಿಡುತ್ತದೆ, ಎದೆ ಉಬ್ಬಿ ಒದ್ದಾಡುತ್ತದೆ. ಆಶ್ಚರ್ಯಪಡುವಂಥದ್ದೇನಿಲ್ಲ. ನಿಕೋಟಿನ್ ಎಂಬುದು ತಂಬಾಕಿನ ಗಿಡ ತನ್ನನ್ನು ತಿನ್ನುವ ಕೀಟಗಳಿಂದ ಉಳಿಯಲೆಂದೇ ಮಾಡಿಕೊಂಡ ವಿಷ. ಅಂಗಡಿ ಔಷಧಿ ಬರುವ ಮೊದಲು ತರಕಾರಿ ಗಿಡಕ್ಕೆ ಹುಳ ಬಿದ್ದರೆ ನಮ್ಮ ಹಿರಿಯರು ಹೊಗೆಸೊಪ್ಪಿನ ಕಷಾಯ ಎರಚುತ್ತಿದ್ದದ್ದೂ ಇದೇ ಕಾರಣಕ್ಕೆ.

ಇಷ್ಟೆಲ್ಲ ನೆನಪಾದದ್ದು ಬೆಂಗಳೂರಿನ ಒಂದು ಫ್ಲ್ಯಾಟಿನಲ್ಲಿ.

ಬಾಣಂತನ ಮುಗಿಸಿಕೊಂಡು ಮಗಳು ಐದನೇ ತಿಂಗಳಿಗೆ ಗಂಡನ ಮನೆಗೆ ಹೊರಟಾಗ, ಕೂಸಿನ ಜೊತೆ ಕೆಲವು ದಿನ ಇದ್ದು ಬರೋಣವೆಂದು ನಾನೂ ನನ್ನ ಹೆಂಡತಿಯೂ ಹೋದೆವು. ನಾಲ್ಕನೇ ಮಹಡಿ, ಒಳ್ಳೆ ಗಾಳಿ ಬೆಳಕಿನ ಮನೆ. ಆದರೆ ರಾತ್ರಿ ಹತ್ತೂವರೆಯಾಗುತ್ತಿದ್ದಂತೆ ಕೂಸು ಮಲಗುವ ಕೋಣೆಯಲ್ಲಿ ಸಿಗರೇಟಿನ ವಾಸನೆ. ಮನೆಯಲ್ಲಿ ಯಾರೂ ಸೇದುವವರಿಲ್ಲ. ಕಿಟಕಿ ಹಾಕಿದರೂ ಬರುತ್ತದೆ. ಮೂರನೇ ರಾತ್ರಿ ನಾನು ಮೂಗು ಹಿಡಿದ ದಾರಿಯಲ್ಲೇ ಹೋಗಿ ನೋಡಿದೆ. ಬಾತ್‌ರೂಮಿನ ಗಾಜಿನ ಪಟ್ಟಿಗಳ ವೆಂಟಿಲೇಟರಿನಿಂದ ಹೊಗೆ ಒಳಗೆ ಬರುತ್ತಿತ್ತು.

ಫ್ಲ್ಯಾಟಿನಲ್ಲಿರುವವರಿಗೆ ಡಕ್ಟ್ ಅಂದರೆ ಗೊತ್ತು. ಕೆಳಗಿನಿಂದ ಮೇಲಿನವರೆಗೆ ಕಟ್ಟಡದ ಹೊಟ್ಟೆಯೊಳಗೆ ಬಿಟ್ಟ ಕಿರಿದಾದ ಬಾವಿಯಂಥ ಜಾಗ. ನೀರಿನ, ಕೊಳಚೆಯ ಪೈಪುಗಳು ಅದರಲ್ಲೇ ಇಳಿಯುತ್ತವೆ, ಎಲ್ಲ ಮಹಡಿಯ ಬಾತ್‌ರೂಮುಗಳ ಕಿಟಕಿ ಅದಕ್ಕೇ ತೆರೆದಿರುತ್ತವೆ. ಕೆಳಗಿನ ಮನೆಯವರು ಎಕ್ಸಾಸ್ಟ್ ಫ್ಯಾನ್ ಹಾಕಿ ಸೇದಿದರೆ ಹೊಗೆ ಅವರ ಮನೆಯಿಂದೇನೋ ಹೋಯಿತು. ಬಿಸಿ ಗಾಳಿ ಮೇಲಕ್ಕೇ ಏರುವುದು. ಅದೇ ಹೊತ್ತಿಗೆ ಮೇಲಿನ ಮನೆಯ ಅಡುಗೆಮನೆಯಲ್ಲಿ ಚಿಮಣಿ ಓಡುತ್ತಿದ್ದರೆ ಅದು ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ, ಖಾಲಿಯಾದ ಜಾಗ ತುಂಬಲು ಡಕ್ಟಿನ ಗಾಳಿ ಬಾತ್‌ರೂಮಿನ ಕಿಟಕಿಯಿಂದ ಒಳನುಗ್ಗುತ್ತದೆ. ಮಗಳು ರಾತ್ರಿ ಕೂಸಿನ ಗಂಜಿ ಕಾಯಿಸಲು ಚಿಮಣಿ ಹಾಕಿದಾಗಲೇ ವಾಸನೆ ಹೆಚ್ಚುತ್ತಿದ್ದದ್ದು ಯಾಕೆಂದು ಆಮೇಲೆ ಹೊಳೆಯಿತು. ಡಕ್ಟ್ ಒಂದೇ ದಾರಿಯಲ್ಲ. ಪೈಪು ಗೋಡೆ ದಾಟುವಲ್ಲಿ ಸಿಮೆಂಟು ಬಿಟ್ಟ ಕಿಂಡಿ, ವೈರಿನ ಕೊಳವೆ, ಮುಂಬಾಗಿಲ ಕೆಳಗಿನ ಸಂದು, ಮೇಲೊಂದು ಕೆಳಗೊಂದು ಇರುವ ಬಾಲ್ಕನಿ, ಹೊಗೆಗೆ ಇವೆಲ್ಲವೂ ಆಗುತ್ತವೆ. ನಮ್ಮ ಹಳ್ಳಿಯ ಮನೆಗಳ ನಡುವೆ ಕನಿಷ್ಠ ಒಂದು ಓಣಿಯಾದರೂ ಇದೆ. ಫ್ಲ್ಯಾಟಿನಲ್ಲಿ ಇಬ್ಬರ ನಡುವೆ ಇರುವುದು ಒಂದು ಗೋಡೆ, ಒಂದು ತಾರಸಿ, ಅವುಗಳ ತುಂಬ ತೂತು.

ಸೇದುತ್ತಿದ್ದವರು ಎರಡನೇ ಮಹಡಿಯ ಯುವಕರೊಬ್ಬರು. ವಾಚ್‌ಮನ್ ಹತ್ತಿರ ದೂರು ಹೇಳುವುದಕ್ಕಿಂತ ನಾನೇ ಹೋಗಿ ಮಾತಾಡುವುದು ಮೇಲೆನ್ನಿಸಿ ಬಾಗಿಲು ತಟ್ಟಿದೆ. ಕೂಸಿನ ವಿಷಯ ಹೇಳುತ್ತಿದ್ದಂತೆ ಅವರ ಮುಖ ಬಾಡಿತು. "ಅಂಕಲ್, ನಂಗೂ ಇಬ್ಬರು ಮಕ್ಕಳಿದಾರೆ. ಅವರ ಮುಂದೆ ಸೇದಬಾರದು ಅಂತಾನೇ ಬಾತ್‌ರೂಮಿಗೆ ಹೋಗಿ ಫ್ಯಾನ್ ಹಾಕ್ಕೊಂಡು ಸೇದ್ತೀನಿ. ಮೇಲಕ್ಕೆ ಬರುತ್ತೆ ಅಂತ ನಿಜವಾಗ್ಲೂ ಗೊತ್ತಿರಲಿಲ್ಲ" ಅಂದರು. ನನಗೆ ಆ ಮಾತು ಇವತ್ತಿಗೂ ಮರೆತಿಲ್ಲ. ತನ್ನ ಮಕ್ಕಳನ್ನು ಕಾಪಾಡಲು ಹೋದ ತಂದೆಯ ಹೊಗೆ ಇನ್ನೊಬ್ಬರ ಕೂಸಿನ ತೊಟ್ಟಿಲಿಗೆ ತಲುಪುತ್ತಿತ್ತು. ಇದರಲ್ಲಿ ದುಷ್ಟರು ಯಾರೂ ಇಲ್ಲ. ಒಳ್ಳೆಯತನದಿಂದಷ್ಟೇ ಬಗೆಹರಿಯದ, ಇಡೀ ಕಟ್ಟಡಕ್ಕೆ ಒಂದು ನಿಯಮ ಬೇಕಾದ ಸಮಸ್ಯೆ ಇದೆಂದು ನನಗೆ ತಿಳಿದದ್ದು ಆ ಬಾಗಿಲಲ್ಲಿ ನಿಂತಾಗ.

ಪಕ್ಕದವರ ಹೊಗೆಯಿಂದ ಅಷ್ಟೇನು ಆಗುತ್ತದೆ ಎನ್ನುವವರಿಗೆ ಒಂದು ಹಳೆಯ ಅಧ್ಯಯನದ ಕಥೆ ಹೇಳಬೇಕು. ಜಪಾನಿನ ವಿಜ್ಞಾನಿ ತಕೇಶಿ ಹಿರಯಾಮಾ 1966ರಿಂದ 1979ರವರೆಗೆ, ಹದಿನಾಲ್ಕು ವರ್ಷ, ಧೂಮಪಾನ ಮಾಡದ 91,540 ವಿವಾಹಿತ ಮಹಿಳೆಯರನ್ನು ಗಮನಿಸಿದರು. ಎಲ್ಲರೂ ನಲವತ್ತು ದಾಟಿದವರು. ವಿಪರೀತ ಸೇದುವ ಗಂಡಂದಿರ ಹೆಂಡತಿಯರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಬಂದಿತ್ತು. ಗಂಡ ಸೇದಿದ ಪ್ರಮಾಣ ಏರಿದಂತೆ ಹೆಂಡತಿಯ ಅಪಾಯವೂ ಏರಿತ್ತು. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾದಾಗ ತಂಬಾಕು ಕಂಪನಿಗಳು ಅಲ್ಲಗಳೆಯಲು ಇನ್ನಿಲ್ಲದಂತೆ ಹೆಣಗಿದವು. ಆ ಮೇಲೆ ಬಂದ ಅಧ್ಯಯನಗಳು ಹಿರಯಾಮಾ ಹೇಳಿದ್ದನ್ನೇ ಗಟ್ಟಿಮಾಡಿದವು. 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಎರಡು ಮಾತನ್ನು ಖಚಿತವಾಗಿ ಹೇಳಿತು: ಬೇರೆಯವರ ಹೊಗೆಯಲ್ಲಿ ಇಷ್ಟರವರೆಗೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲ, ಸೇದುವವರನ್ನು ಬೇರೆ ಕೂರಿಸುವುದು, ಗಾಳಿ ಶುದ್ಧಗೊಳಿಸುವ ಯಂತ್ರ, ಫ್ಯಾನು, ಇವು ಯಾವುದೂ ಕಟ್ಟಡದೊಳಗಿನ ಹೊಗೆಯನ್ನು ಪೂರ್ತಿ ತೆಗೆಯಲಾರವು. ಹಸುಗೂಸುಗಳಿಗೆ ಹಠಾತ್ ಸಾವು, ಎದೆಯ ಸೋಂಕು, ಕಿವಿಯ ಸೋಂಕು, ಉಬ್ಬಸ ಉಲ್ಬಣಿಸುವುದು, ಇವೆಲ್ಲಕ್ಕೂ ಹೊಗೆ ಕಾರಣವೆಂದೂ ಅದೇ ವರದಿ ಪಟ್ಟಿ ಮಾಡಿತು. ಇಪ್ಪತ್ತು ಸಾವಿರ ಕೊಟ್ಟು ಏರ್ ಪ್ಯೂರಿಫೈಯರ್ ತರಲು ಹೊರಟಿದ್ದ ಅಳಿಯನನ್ನು ನಾನು ತಡೆದದ್ದು ಈ ಕಾರಣಕ್ಕೆ. ಅದರ ಜಾಲರಿ ಕಣಗಳನ್ನು ಹಿಡಿಯಬಹುದು, ಹೊಗೆಯಲ್ಲಿನ ಅನಿಲಗಳನ್ನು ಪೂರ್ತಿ ಹಿಡಿಯದು.

ನಮ್ಮ ದೇಶದ ಲೆಕ್ಕವೂ ಇದೆ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಧೂಮಪಾನ ಮಾಡುವ ವಯಸ್ಕರು ನೂರಕ್ಕೆ 10.7 ಮಂದಿ. ಆದರೆ ಮನೆಯೊಳಗೇ ಹೊಗೆಗೆ ಸಿಕ್ಕುವವರು ನೂರಕ್ಕೆ 38.7 ಮಂದಿ. ಏಳು ವರ್ಷದ ಹಿಂದಿನ ಸಮೀಕ್ಷೆಯಲ್ಲಿ ಇದು 52.3 ಇತ್ತು, ಇಳಿದಿರುವುದು ಸಮಾಧಾನ. ಇದು ಸ್ವಂತ ಮನೆಯೊಳಗೆ ಸೇದುವುದರ ಲೆಕ್ಕ ಮಾತ್ರ. ಡಕ್ಟಿನಿಂದ ಏರಿ ಬರುವ ನೆರೆಮನೆಯ ಹೊಗೆ ಇದರಲ್ಲಿ ಸೇರಿಲ್ಲ.

ಕಾನೂನು ಎಲ್ಲಿಯವರೆಗೆ ಬರುತ್ತದೆ? 1999ರ ಜುಲೈನಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಬೇರೆಯವರ ಬದುಕುವ ಹಕ್ಕಿಗೆ ಧಕ್ಕೆ ಎಂದಿತು. 2001ರ ನವೆಂಬರ್ 2ರಂದು ಮುರಳಿ ದೇವೊರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ದಾರಿಯಲ್ಲಿ ಇಡೀ ದೇಶಕ್ಕೆ ಆದೇಶ ಕೊಟ್ಟಿತು. 2003ರಲ್ಲಿ ತಂಬಾಕು ನಿಯಂತ್ರಣದ ಕೋಟ್ಪಾ ಕಾಯ್ದೆ ಬಂತು, 2008ರ ಗಾಂಧಿ ಜಯಂತಿಯಿಂದ ಸಾರ್ವಜನಿಕ ಸ್ಥಳಗಳ ನಿಯಮಗಳು ಜಾರಿಯಾದವು. ಪ್ರವೇಶದ್ವಾರ, ಪ್ರತಿ ಮಹಡಿ, ಮೆಟ್ಟಿಲು, ಲಿಫ್ಟಿನ ಬಾಗಿಲಲ್ಲಿ 60 ಸೆಂ.ಮೀ. ಉದ್ದ 30 ಸೆಂ.ಮೀ. ಅಗಲದ ಫಲಕವಿರಬೇಕು ಎಂಬಷ್ಟು ವಿವರ ಅವುಗಳಲ್ಲಿದೆ. ಈ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ ವಿಧಾನಮಂಡಲದಲ್ಲಿ 2024ರಲ್ಲಿ ಅಂಗೀಕಾರವಾಗಿ, ರಾಷ್ಟ್ರಪತಿಗಳ ಒಪ್ಪಿಗೆಯ ನಂತರ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. 200 ರೂಪಾಯಿ ಇದ್ದ ದಂಡ 1,000 ರೂಪಾಯಿ ಆಗಿದೆ, ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ.

ಇಷ್ಟೂ ಕಾನೂನು ಸಾರ್ವಜನಿಕ ಸ್ಥಳದ್ದು, ಕೆಲಸದ ಸ್ಥಳದ್ದು. ಜನ ಕೆಲಸ ಮಾಡುವ ಅಸೋಸಿಯೇಷನ್ ಕಚೇರಿ, ಸಮಾರಂಭ ನಡೆಯುವ ಹಾಲ್ ಇದರ ವ್ಯಾಪ್ತಿಗೆ ಬರುತ್ತವೆ ಎಂಬುದು ನನ್ನ ತಿಳಿವಳಿಕೆ. ಸ್ವಂತ ಫ್ಲ್ಯಾಟಿನ ಬಾತ್‌ರೂಮಿಗೆ, ಬಾಲ್ಕನಿಗೆ ಕೋಟ್ಪಾ ಕಾಲಿಡುವುದಿಲ್ಲ. ನೆರೆಹೊರೆಯ ಜನರ ಆರೋಗ್ಯ ಕೆಡುವಂತೆ ಗಾಳಿಯನ್ನು ಕೆಡಿಸುವುದು ಭಾರತೀಯ ನ್ಯಾಯ ಸಂಹಿತೆಯ 280ನೇ ಕಲಮಿನ ಪ್ರಕಾರ ಅಪರಾಧವೇ. ಹಾಗಂತ ಪಕ್ಕದ ಮನೆಯವರ ಮೇಲೆ ಪೊಲೀಸ್ ಠಾಣೆಯ ಕಟ್ಟೆ ಹತ್ತಿ ನಾಳೆ ಅದೇ ಲಿಫ್ಟಿನಲ್ಲಿ ಒಟ್ಟಿಗೆ ಇಳಿಯುವುದು ಹೇಗೆ? ಊರಾಗಲಿ ಕಟ್ಟಡವಾಗಲಿ, ಒಟ್ಟಿಗೆ ಬಾಳಬೇಕಾದವರಿಗೆ ಅದು ಕೊನೆಯ ದಾರಿ, ಮೊದಲನೆಯದಲ್ಲ.

ನಡುವೆ ಒಂದು ದಾರಿ ಇದೆ, ಅದನ್ನು ಬಳಸಿಕೊಂಡವರು ಕಡಿಮೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರಷ್ಟು ಹಳೆಯದು. ಅದರಡಿ ಡೀಡ್ ಆಫ್ ಡಿಕ್ಲರೇಷನ್ ನೋಂದಣಿ ಮಾಡಿಸಿದ ಕಟ್ಟಡದ ಬೈಲಾ ಮಾಲೀಕರನ್ನಷ್ಟೇ ಕಟ್ಟುವುದಿಲ್ಲ. ಬಾಡಿಗೆದಾರರು, ಅವರ ಮನೆಯ ಕೆಲಸಗಾರರು, ಕಟ್ಟಡವನ್ನು ಬಳಸುವ ಯಾರೇ ಆದರೂ ಅದಕ್ಕೆ ಬದ್ಧರು. ಅಪರಾತ್ರಿ ಗದ್ದಲ ಮಾಡಬಾರದು, ಬಾಲ್ಕನಿಯಿಂದ ಕಸ ಎಸೆಯಬಾರದು ಎಂದು ಬೈಲಾದಲ್ಲಿ ಬರೆಯಲು ಯಾರೂ ತಕರಾರು ಮಾಡುವುದಿಲ್ಲ. ಆ ಗದ್ದಲವೂ ಅವರವರ ಮನೆಯೊಳಗಿನದೇ ತಾನೆ? ಗೋಡೆ ದಾಟಿ ಬರುವ ಸದ್ದಿಗೆ ಇರುವ ನಿಯಮ ಗೋಡೆ ದಾಟಿ ಬರುವ ಹೊಗೆಗೂ ಇರಬೇಕು. "ನನ್ನ ಮನೆ, ನನ್ನಿಷ್ಟ" ಎಂಬ ವಾದಕ್ಕೆ ನನ್ನ ಉತ್ತರ ಇಷ್ಟೇ. ಮನೆ ನಿಮ್ಮದು, ಗಾಳಿ ಇಡೀ ಕಟ್ಟಡದ್ದು.

ಬೇರೆ ಕಡೆ ಹೀಗೆ ಮಾಡಿ ತೋರಿಸಿದ್ದಾರೆ. ಕ್ಯಾಲಿಫೋರ್ನಿಯಾದ ಬೆಲ್ಮಾಂಟ್ ಎಂಬ ಸಣ್ಣ ಊರಿನ ಹಿರಿಯರ ವಸತಿ ಕಟ್ಟಡದಲ್ಲಿದ್ದ ಮುದುಕರು ಪಕ್ಕದ ಮನೆಗಳ ಹೊಗೆ ತಾಳಲಾರದೆ ಪುರಸಭೆಗೆ ಪತ್ರ ಬರೆಯುತ್ತಾ ಹೋದರು. 2007ರಲ್ಲಿ ಆ ಪುರಸಭೆ, ಗೋಡೆ ಹಂಚಿಕೊಂಡ ಮನೆಗಳ ಒಳಗೂ ಸೇದಬಾರದೆಂದು ನಿಯಮ ಮಾಡಿತು. ಸಿಂಗಪುರ 2013ರಿಂದ ವಸತಿ ಕಟ್ಟಡಗಳ ಮೆಟ್ಟಿಲು, ಮೊಗಸಾಲೆಗಳಲ್ಲಿ ನಿಷೇಧ ತಂದಿದೆ. ಅಮೆರಿಕದ ಸರ್ಕಾರಿ ವಸತಿ ಕಟ್ಟಡಗಳೆಲ್ಲ 2018ರ ಜುಲೈ ಕೊನೆಯಿಂದ ಹೊಗೆಮುಕ್ತ. ಮನೆಯೊಳಗೂ ಇಲ್ಲ, ಕಟ್ಟಡದಿಂದ 25 ಅಡಿಯೊಳಗೂ ಇಲ್ಲ. ಯಾರನ್ನೂ ಸೇದುವವರೆಂಬ ಕಾರಣಕ್ಕೆ ಮನೆ ಬಿಡಿಸುವುದು ಅದರ ಉದ್ದೇಶವಾಗಿರಲಿಲ್ಲ. ಎಲ್ಲಿ ಸೇದಬೇಕು ಎಂಬುದಷ್ಟೇ ಬದಲಾಯಿತು.

ಮಗಳಿರುವ ಕಟ್ಟಡದ ಸಭೆಗೆ ನಾನೂ ಹೋಗಿ ಕೂತಿದ್ದೆ. ಮೊದಲ ಸಲ ಮಾತು ಎಲ್ಲೆಲ್ಲಿಗೋ ಹೋಯಿತು. ಒಬ್ಬರು ಎದ್ದು, ಮೆಟ್ಟಿಲ ಮೇಲೆ ಬೀಡಿ ಸೇದುವ ಪೇಂಟರುಗಳನ್ನು, ಡ್ರೈವರುಗಳನ್ನು ಮೊದಲು ನಿಲ್ಲಿಸಿ ಅಂದರು. ಹಲವರು ತಲೆದೂಗಿದರು. ನನಗೆ ಸಿಟ್ಟು ಬಂತು, ಆ ಸಿಟ್ಟನ್ನು ಇಲ್ಲಿಯೂ ಮುಚ್ಚಿಡುವುದಿಲ್ಲ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಸೇದುವ ಮಾಲೀಕರಿಗೆ ರಿಯಾಯಿತಿ, ಇಡೀ ದಿನ ಗೋಡೆಯ ಧೂಳು ಕುಡಿದು ಎರಡು ನಿಮಿಷ ಮೆಟ್ಟಿಲ ಮೇಲೆ ಕೂತ ಕೂಲಿಯವನಿಗೆ ದಂಡ ಅನ್ನುವ ನಿಯಮ ನಿಯಮವೇ ಅಲ್ಲ. ನಮ್ಮ ಹುಳುಮನೆಯ ಕಟ್ಟಳೆ ನಿಂತದ್ದು ಮನೆಯ ಯಜಮಾನನೇ ಮೊದಲು ಬೀಡಿಯನ್ನು ಸೂರಿಗೆ ಸಿಕ್ಕಿಸಿದ್ದರಿಂದ. ಅಜ್ಜ ಬೀಡಿ ಕಚ್ಚಿಕೊಂಡೇ ಒಳಗೆ ಹೋಗಿದ್ದರೆ ಆಳುಗಳಿಗೆ ಹೇಳುವ ಬಾಯಿ ಅಜ್ಜಿಗೆ ಇರುತ್ತಿರಲಿಲ್ಲ.

ಎರಡನೇ ಸಭೆಗೆ ಎರಡನೇ ಮಹಡಿಯ ಆ ಯುವಕರೇ ಬಂದು ಮಾತಾಡಿದ್ದು ದಿಕ್ಕು ಬದಲಿಸಿತು. ತಾವು ಸೇದುವವರೆಂದು ಎಲ್ಲರೆದುರು ಹೇಳಿಕೊಂಡರು. "ನಿಷೇಧ ಹಾಕಿ, ನಾನು ಒಪ್ತೀನಿ. ಆದ್ರೆ ಸೇದೋಕೆ ಒಂದು ಜಾಗ ತೋರಿಸಿ, ಬಿಡೋಕೆ ಸ್ವಲ್ಪ ಟೈಮ್ ಕೊಡಿ" ಅಂದರು. ಇದಕ್ಕಿಂತ ನ್ಯಾಯವಾದ ಬೇಡಿಕೆ ಇಲ್ಲ. ಕಾಂಪೌಂಡಿನ ಮೂಲೆಯಲ್ಲಿ, ಯಾರ ಕಿಟಕಿಯೂ ಹತ್ತಿರವಿಲ್ಲದ ಕಡೆ, ಮರದ ಕೆಳಗೆ ಒಂದು ಬೆಂಚು ಹಾಕಿ ಮರಳಿನ ಡಬ್ಬಿ ಇಟ್ಟರು. ಮಾಲೀಕರು, ಡ್ರೈವರು, ವಾಚ್‌ಮನ್ ಎಲ್ಲರಿಗೂ ಅದೇ ಬೆಂಚು. ಲಿಫ್ಟು, ಮೆಟ್ಟಿಲು, ಪಾರ್ಕಿಂಗ್, ತಾರಸಿ, ಬಾಲ್ಕನಿ, ಡಕ್ಟಿಗೆ ತೆರೆದ ಬಾತ್‌ರೂಮುಗಳಲ್ಲಿ ಆ ದಿನದಿಂದಲೇ ನಿಷೇಧ. ಮನೆಯೊಳಗಿನ ಉಳಿದ ಕೋಣೆಗಳಿಗೆ ಒಂದು ವರ್ಷದ ಕಾಲಾವಕಾಶ. ಹೊಸದಾಗಿ ಬರುವ ಬಾಡಿಗೆದಾರರ ಕರಾರು ಪತ್ರದಲ್ಲಿ ಮೊದಲ ದಿನದಿಂದಲೇ ಷರತ್ತು. ಡಕ್ಟಿನಲ್ಲಿ ಪೈಪುಗಳ ಸುತ್ತ ಇದ್ದ ಕಿಂಡಿಗಳನ್ನು ಪ್ಲಂಬರ್ ಕರೆಸಿ ಮುಚ್ಚಿಸಿದರು. ಇದರಿಂದ ಹೊಗೆ ಪೂರ್ತಿ ನಿಲ್ಲದಿದ್ದರೂ ಜಿರಳೆ ಕಡಿಮೆಯಾದವೆಂದು ನನ್ನ ಹೆಂಡತಿ ಖುಷಿಪಟ್ಟಳು.

ಇಂಥ ನಿಯಮ ತರಲು ಹೊರಟವರಿಗೆ ಎರಡು ಎಚ್ಚರಿಕೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ಒತ್ತಿಸಿಕೊಂಡು ನಿಯಮ ಆಯಿತೆನ್ನಬೇಡಿ, ಅದು ನಾಳೆ ಎಲ್ಲಿಯೂ ನಿಲ್ಲುವುದಿಲ್ಲ. ಬೈಲಾ ತಿದ್ದಲು ಎಷ್ಟು ದಿನ ಮುಂಚೆ ನೋಟಿಸು ಕೊಡಬೇಕು, ಎಷ್ಟು ಮಾಲೀಕರ ಒಪ್ಪಿಗೆ ಬೇಕು ಎಂಬುದು ಬೈಲಾದಲ್ಲೇ ಬರೆದಿರುತ್ತದೆ. ಅದರಂತೆ ಸಭೆ ಕರೆದು, ನಡಾವಳಿ ಬರೆದು, ಸಹಿ ಹಾಕಿಸಿ. ಇನ್ನೊಂದು, ಮುರಿದವರ ನೀರು, ಕರೆಂಟು ನಿಲ್ಲಿಸುವ ಯೋಚನೆ ಯಾವ ಕಾರಣಕ್ಕೂ ಬೇಡ. ತಪ್ಪು ಸೇದುವವನದ್ದಾದರೆ ಅವನ ಹೆಂಡತಿ ಮಕ್ಕಳಿಗೆ ಶಿಕ್ಷೆ ಯಾಕೆ? ಮೊದಲು ಮಾತು, ಆಮೇಲೆ ಪತ್ರ, ಕೊನೆಗೆ ಬೈಲಾದಲ್ಲಿರುವ ಕ್ರಮ. ಮಾತಿನಲ್ಲೇ ಬಹಳಷ್ಟು ಮುಗಿಯುತ್ತದೆ, ಯಾಕೆಂದರೆ ತನ್ನ ಹೊಗೆ ಎಲ್ಲಿಗೆ ಹೋಗುತ್ತದೆಂದು ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರಲ್ಲಿ ತೆರೆದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣದ ಕಡೆಗೂ ಮಹಡಿ ಮನೆಗಳು ಬರುತ್ತಿವೆ. ನಮ್ಮ ಜಿಲ್ಲೆಯ ಹೆಸರೇ ಈಗ ಬೆಂಗಳೂರು ದಕ್ಷಿಣ. ನಾಳೆ ನಮ್ಮ ಹುಳುಮನೆಗಳಿದ್ದ ಜಾಗದಲ್ಲೂ ಡಕ್ಟುಗಳಿರುವ ಕಟ್ಟಡಗಳು ಏಳಬಹುದು. ಇನ್ನೂ ಬೈಲಾ ಬರೆಯದ ಕಟ್ಟಡದಲ್ಲಿ ಈ ನಿಯಮ ಸೇರಿಸುವುದು ಬಹಳ ಸುಲಭ. ಮನೆ ಕೊಳ್ಳುವವರು ಈಗಲೇ ಕೇಳಬೇಕು, ಕಟ್ಟುವವರು ಬಾತ್‌ರೂಮಿನ ಗಾಳಿ ಇನ್ನೊಂದು ಮನೆಗೆ ನುಗ್ಗದಂತೆ ಡಕ್ಟ್ ಮಾಡಬೇಕು.

ನೀವು ಫ್ಲ್ಯಾಟಿನಲ್ಲಿರುವವರಾದರೆ, ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಲು ಕಾರ್ಯದರ್ಶಿಗೆ ಇವತ್ತೇ ಒಂದು ಪತ್ರ ಕೊಡಿ. ನೀವು ಸೇದುವವರಾದರೆ, ಆ ಪತ್ರಕ್ಕೆ ಮೊದಲ ಸಹಿ ನಿಮ್ಮದೇ ಇರಲಿ. ಬಿಡಬೇಕೆಂಬ ಮನಸ್ಸಿದ್ದರೆ ಸಿಗರೇಟಿನ ಪ್ಯಾಕಿನ ಮೇಲೆಯೇ ಮುದ್ರಿಸಿರುವ ಸಹಾಯವಾಣಿ 1800-11-2356 ಇದೆ. ದಕ್ಷಿಣದ ಭಾಷೆಗಳ ಕರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರವಿದೆ. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.